ಆಟದ ಗುರುತ್ವ, ಆಟದ ಗಾಳಿ: ಬಾಹ್ಯಾಕಾಶ ಯಾನದ ಗಣಕ ಆಟಗಳಲ್ಲಿ ಭೌತಶಾಸ್ತ್ರ ಬೆಳೆದ ಬಗೆ

ಕೆಲವು ವರ್ಷ ಬಿಟ್ಟು ಹಳೆಯ ಗಣಕ ಆಟಕ್ಕೆ ಮರಳಿದವರಿಗೆ ಒಂದು ವಿಚಿತ್ರ ಅನುಭವ ಆಗಿರಬಹುದು. ಆಟದ ಹೆಸರು ಅದೇ, ಪರದೆಯ ಚಿತ್ರಗಳು ಹೆಚ್ಚು ಕಡಿಮೆ ಅವೇ. ಆದರೆ ಹಿಂದೆ ಕೈಗೆ ಒಗ್ಗಿದ್ದ ಉಪಾಯ ಈಗ ಫಲಿಸುವುದಿಲ್ಲ. ನನಗೆ ಹೀಗಾದದ್ದು ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಎಂಬ ರಾಕೆಟ್ ಆಟದಲ್ಲಿ. 2013ರಲ್ಲಿ ವಿದ್ಯಾರ್ಥಿಗಳು ಅದನ್ನು ನನಗೆ ಪರಿಚಯಿಸಿದರು. ರಾಕೆಟ್ಟನ್ನು ನೆಟ್ಟಗೆ 10 ಕಿ.ಮೀ. ಏರಿಸಿ, ಅಲ್ಲಿ 45 ಡಿಗ್ರಿ ಓರೆಯಾಗಿಸಿದರೆ ಸುಲಭವಾಗಿ ಕಕ್ಷೆ ಸೇರುತ್ತಿತ್ತು. 2015ರ ಕೊನೆಯಲ್ಲಿ ಹೊಸ ಆವೃತ್ತಿಯಲ್ಲಿ ಅದೇ ವಿನ್ಯಾಸವನ್ನು ಮತ್ತೆ ಜೋಡಿಸಿ ಹಾರಿಸಿದೆ. ಓರೆಯಾಗಿಸಿದ ಕೂಡಲೇ ಅದು ತಲೆಕೆಳಗಾಯಿತು. ರಾಕೆಟ್ ಬದಲಾಗಿರಲಿಲ್ಲ. ಆಟದೊಳಗಿನ ಗಾಳಿ ಬದಲಾಗಿತ್ತು.

ಹಾಗಾದರೆ ಮೊದಲು ನಾವು ಕಲಿತದ್ದು ಏನು? ಭೌತಶಾಸ್ತ್ರವನ್ನೋ, ಆಟದ ನಿಯಮವನ್ನೋ? ಈ ಪ್ರಶ್ನೆಗೆ ಉತ್ತರ ಹುಡುಕಲು ಇಂಥ ಆಟಗಳ ಆರಂಭಕ್ಕೇ ಹೋಗಬೇಕು.

ನಕ್ಷತ್ರಕ್ಕೆ ಗುರುತ್ವ ಬಂದದ್ದು

1961ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಪಿಡಿಪಿ-1 ಎಂಬ ಗಣಕ ಬಂತು. ಅದರ ಸ್ಮೃತಿಯಲ್ಲಿದ್ದದ್ದು ತಲಾ 18 ಬಿಟ್‌ಗಳ 4096 ಪದಗಳು ಮಾತ್ರ. ಅಂದರೆ ಸುಮಾರು 9 ಕಿಲೋಬೈಟ್. ಸ್ಟೀವ್ ರಸೆಲ್ ಮತ್ತು ಗೆಳೆಯರು 1962ರಲ್ಲಿ ಈ ಯಂತ್ರಕ್ಕಾಗಿ ‘ಸ್ಪೇಸ್‌ವಾರ್’ ಎಂಬ ಆಟ ರಚಿಸಿದರು. ಇಬ್ಬರು ಆಟಗಾರರು ಒಂದೊಂದು ನೌಕೆ ನಡೆಸುತ್ತ ಪರಸ್ಪರ ಕ್ಷಿಪಣಿ ಹಾರಿಸುವುದು ಇದರ ಸ್ವರೂಪ.

ರಸೆಲ್‌ರ ಮೊದಲ ಆವೃತ್ತಿಯಲ್ಲಿ ಗುರುತ್ವ ಇರಲಿಲ್ಲ. ಇಂಜಿನ್ ನಿಲ್ಲಿಸಿದ ನೌಕೆ ನ್ಯೂಟನ್ನನ ಮೊದಲ ನಿಯಮದಂತೆ ನೇರವಾಗಿ ಸಾಗುತ್ತಿತ್ತು. ಅನಂತರ ಸುಧಾರಣೆಗಳು ಒಂದೊಂದಾಗಿ ಸೇರಿದವು. ಹಿನ್ನೆಲೆಯಲ್ಲಿ ಎಲ್ಲೆಂದರಲ್ಲಿ ಚೆಲ್ಲಿದ್ದ ಚುಕ್ಕೆಗಳ ಬದಲು ಪೀಟರ್ ಸ್ಯಾಮ್ಸನ್ ನಿಜವಾದ ನಕ್ಷತ್ರಗಳ ನಕ್ಷೆಯನ್ನು ಅಳವಡಿಸಿದರು. ಡ್ಯಾನ್ ಎಡ್ವರ್ಡ್ಸ್ ಪರದೆಯ ನಡುವೆ ಒಂದು ಭಾರವಾದ ನಕ್ಷತ್ರವನ್ನಿಟ್ಟು ಅದಕ್ಕೆ ಗುರುತ್ವಾಕರ್ಷಣೆ ಕೊಟ್ಟರು. ಅದನ್ನು ಲೆಕ್ಕ ಹಾಕಲು ಗಣಕಕ್ಕೆ ಸಮಯ ಸಾಲದಿದ್ದುದರಿಂದ, ಮೊದಲು ನೌಕೆಗಳ ಚಿತ್ರ ಬಿಡಿಸುವ ಭಾಗವನ್ನು ಚುರುಕುಗೊಳಿಸಬೇಕಾಯಿತು. ಹಾಗೆ ಉಳಿಸಿದ ಸಮಯವೂ ಎರಡು ನೌಕೆಗಳಿಗಷ್ಟೇ ಸಾಕಾಯಿತು. ಕ್ಷಿಪಣಿಗಳು ಗುರುತ್ವಕ್ಕೆ ಒಳಪಡದೆ ನೇರವಾಗಿಯೇ ಹೋದವು!

ಗುರುತ್ವ ಬಂದ ಮೇಲೆ ಆಟವೇ ಬೇರೆಯಾಯಿತು. ಸುಮ್ಮನೆ ನಿಂತ ನೌಕೆ ನಕ್ಷತ್ರಕ್ಕೆ ಬೀಳುತ್ತಿತ್ತು. ಉಳಿಯಬೇಕಾದರೆ ಕಕ್ಷೆಯಲ್ಲಿ ಸುತ್ತುತ್ತಿರಬೇಕು. ಹೊಸ ಆವೃತ್ತಿ ಹಳೆಯ ಜಾಣ್ಮೆಯನ್ನು ಕೆಡಿಸುವುದು ಹೀಗೆ ಮೊದಲ ಬಾಹ್ಯಾಕಾಶ ಆಟದಿಂದಲೇ ಆರಂಭವಾಯಿತು ಎನ್ನಬಹುದು.

ಐವತ್ತೈದು ವರ್ಷ ಅಡಗಿದ್ದ ತಪ್ಪು

1969ರ ಜುಲೈನಲ್ಲಿ ಅಪೊಲೊ-11 ಚಂದ್ರನ ಮೇಲಿಳಿಯಿತು. ಕೆಲವೇ ತಿಂಗಳಲ್ಲಿ ಜಿಮ್ ಸ್ಟೋರರ್ ಎಂಬ ಪ್ರೌಢಶಾಲಾ ವಿದ್ಯಾರ್ಥಿ ಪಿಡಿಪಿ-8 ಗಣಕಕ್ಕೆ ‘ಲೂನಾರ್’ ಆಟ ಬರೆದ. ಇದರಲ್ಲಿ ಚಿತ್ರಗಳಿರಲಿಲ್ಲ. ಪ್ರತಿ 10 ಸೆಕೆಂಡಿಗೊಮ್ಮೆ ಯಂತ್ರವು ಎತ್ತರ, ವೇಗ, ಉಳಿದ ಇಂಧನಗಳ ಅಂಕಿಗಳನ್ನು ಕಾಗದದ ಮೇಲೆ ಮುದ್ರಿಸುತ್ತಿತ್ತು. ಮುಂದಿನ 10 ಸೆಕೆಂಡಿನಲ್ಲಿ ಇಂಧನವನ್ನು ಯಾವ ದರದಲ್ಲಿ ಉರಿಸಬೇಕೆಂದು ಆಟಗಾರ ತಿಳಿಸಬೇಕಿತ್ತು.

ಆಟದ ಆರಂಭದಲ್ಲಿ ಎತ್ತರ 120 ಮೈಲಿ, ಕೆಳಮುಖ ವೇಗ ಗಂಟೆಗೆ 3600 ಮೈಲಿ, ಅಂದರೆ ಸೆಕೆಂಡಿಗೆ 1 ಮೈಲಿ. ಹಾಗೇ ಬಿದ್ದರೆ 120 ಸೆಕೆಂಡಿನಲ್ಲಿ ನೆಲ ಮುಟ್ಟುವುದಾಗಿ ಆಟ ಎಚ್ಚರಿಸುತ್ತದೆ. ಗಮನಿಸಿ: ಇದು ಗುರುತ್ವವನ್ನು ಬಿಟ್ಟು ಹಾಕಿದ ಲೆಕ್ಕ. ಆಟದಲ್ಲಿ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 0.001 ಮೈಲಿ, ಸುಮಾರು 1.61 ಮೀಟರ್. ಚಂದ್ರನ ನಿಜ ಬೆಲೆಯಾದ 1.62ಕ್ಕೆ ಇದು ತೀರ ಹತ್ತಿರ. ಇದನ್ನು ಸೇರಿಸಿಕೊಂಡರೆ ನೆಲ ಮುಟ್ಟುವ ಕಾಲ ಸುಮಾರು 113.5 ಸೆಕೆಂಡು. ಪಿಯುಸಿ ವಿದ್ಯಾರ್ಥಿಗಳು ಚಲನೆಯ ಸಮೀಕರಣದಿಂದಲೇ ಇದನ್ನು ಪಡೆಯಬಹುದು.

ಎಚ್ಚರಿಕೆಯ ಅಂಕಿ ಒರಟಾದರೂ ಒಳಗಿನ ಗಣಿತ ಒರಟಲ್ಲ. ಇಂಧನ ಉರಿದಂತೆ ನೌಕೆಯ ರಾಶಿ ಕಡಿಮೆಯಾಗುವುದನ್ನೂ ಸ್ಟೋರರ್ ಲೆಕ್ಕಕ್ಕೆ ತೆಗೆದುಕೊಂಡಿದ್ದ. ತ್ಸಿಯೋಲ್ಕೋವ್‌ಸ್ಕಿಯ ರಾಕೆಟ್ ಸಮೀಕರಣದಲ್ಲಿ ಬರುವ ಲಾಗರಿತಮ್ಮನ್ನು ಶ್ರೇಢಿಯ ಕೆಲವು ಪದಗಳಿಂದ ಅಂದಾಜು ಮಾಡಿದ್ದ. ಈ ವಿದ್ಯಾರ್ಥಿ ಮುಂದೆ ಗಣಕ ವಿಜ್ಞಾನದ ಪ್ರಾಧ್ಯಾಪಕನಾದದ್ದು ಆಶ್ಚರ್ಯವಲ್ಲ.

2024ರಲ್ಲಿ ಒಬ್ಬ ತಂತ್ರಾಂಶ ತಜ್ಞರು ಈ ಹಳೆಯ ಆಟಕ್ಕೆ ಮರಳಿ, ಅತಿ ಕಡಿಮೆ ಇಂಧನದಲ್ಲಿ ಇಳಿಯುವ ಬಗೆಯನ್ನು ಲೆಕ್ಕ ಹಾಕಿದರು. ಸಿದ್ಧಾಂತದ ಪ್ರಕಾರ ಕೊನೆಯವರೆಗೆ ಬೀಳಲು ಬಿಟ್ಟು, ನಂತರ ಪೂರ್ಣ ನೂಕುಬಲ ಕೊಟ್ಟು, ನೆಲ ಮುಟ್ಟುವ ಕ್ಷಣಕ್ಕೆ ವೇಗ ಸೊನ್ನೆಯಾಗುವಂತೆ ಮಾಡಬೇಕು. ಆದರೆ ಆಟ ಇದನ್ನು ಒಪ್ಪಲಿಲ್ಲ. ನೌಕೆ ನೆಲ ಮುಟ್ಟಿದರೂ ಮುಟ್ಟಿಲ್ಲವೆಂದೇ ಭಾವಿಸಿತು. ಹುಡುಕಿದಾಗ ಒಂದು ಸೂತ್ರದಲ್ಲಿ ಎರಡರಿಂದ ಭಾಗಿಸುವುದು ಬಿಟ್ಟುಹೋಗಿದ್ದುದು ಕಂಡಿತು. ಸುಮಾರು 55 ವರ್ಷ ಈ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಡಿ ಗೆದ್ದವರಿಗೆ ಅದು ಸಿಗಲಿಲ್ಲ. ಸಿದ್ಧಾಂತದ ಉತ್ತರವನ್ನು ಆಟದ ಉತ್ತರದೊಡನೆ ಹೋಲಿಸಿದವರಿಗೆ ಸಿಕ್ಕಿತು.

ಎಳೆತದ ಲೆಕ್ಕ

ಈಗ ನನ್ನ ಮಗುಚಿದ ರಾಕೆಟ್ಟಿಗೆ ಬರೋಣ. ಫೆಲಿಪೆ ಫಲಾಂಗೆ ಕಲ್ಪಿಸಿದ ಕರ್ಬಲ್ ಆಟವನ್ನು ಮೆಕ್ಸಿಕೊ ನಗರದ ಸ್ಕ್ವಾಡ್ ಸಂಸ್ಥೆ 2011ರ ಜೂನ್‌ನಲ್ಲಿ ಮೊದಲು ಹೊರತಂದಿತು. 1.0 ಆವೃತ್ತಿ ಬಂದದ್ದು 2015ರ ಏಪ್ರಿಲ್‌ನಲ್ಲಿ. ಗಾಳಿಯ ಎಳೆತದ ಲೆಕ್ಕವನ್ನು ಬದಲಾಯಿಸಿದ್ದು ಆ ಆವೃತ್ತಿಯೇ.

ನಿಜಲೋಕದಲ್ಲಿ ಎಳೆತವು ಗಾಳಿಯ ಸಾಂದ್ರತೆ, ಜವದ ವರ್ಗ, ವಸ್ತುವಿನ ಆಕಾರ ಮತ್ತು ಗಾಳಿಗೆ ಎದುರಾದ ಅಡ್ಡಕೊಯ್ತದ ವಿಸ್ತೀರ್ಣಗಳನ್ನು ಅವಲಂಬಿಸುತ್ತದೆ. ಹಳೆಯ ಆವೃತ್ತಿಗಳಲ್ಲಿ ವಿಸ್ತೀರ್ಣದ ಬದಲು ಭಾಗದ ರಾಶಿಯನ್ನು ಬಳಸಲಾಗಿತ್ತು. ಇದರ ಪರಿಣಾಮಗಳು ಕುತೂಹಲಕರ.

ಒಂದು: ಎಳೆತವೂ ತೂಕವೂ ರಾಶಿಗೆ ಅನುಪಾತದಲ್ಲಿದ್ದರೆ ರಾಶಿ ರದ್ದಾಗುತ್ತದೆ. ಭಾರದ ವಸ್ತು, ಹಗುರ ವಸ್ತು ಎರಡಕ್ಕೂ ಗಾಳಿಯಲ್ಲಿ ಒಂದೇ ಅಂತಿಮ ವೇಗ. ಸಮುದ್ರ ಮಟ್ಟದಲ್ಲಿ ಸೆಕೆಂಡಿಗೆ ಸುಮಾರು 100 ಮೀಟರ್. ಎರಡು: ಮೂತಿಗೆ ಶಂಕು ಜೋಡಿಸಿದರೆ ರಾಶಿ ಹೆಚ್ಚಿ ಎಳೆತವೂ ಹೆಚ್ಚುತ್ತಿತ್ತು. ಮೂರು: ಎಳೆತ ರಾಶಿಯಂತೆಯೇ ಹಂಚಿಹೋಗುವುದರಿಂದ ಅದರ ಫಲಿತ ಬಲ ರಾಶಿಕೇಂದ್ರದ ಮೂಲಕವೇ ಹಾಯುತ್ತಿತ್ತು. ಹಾಗಾಗಿ ರಾಕೆಟ್ಟನ್ನು ತಿರುಗಿಸುವ ಭ್ರಾಮಕವೇ ಹುಟ್ಟುತ್ತಿರಲಿಲ್ಲ.

1.0 ಆವೃತ್ತಿಯಲ್ಲಿ ಆಕಾರಕ್ಕೆ ಬೆಲೆ ಬಂತು. ನನ್ನ ರಾಕೆಟ್ಟಿನ ತುದಿ ಅಗಲ, ಬುಡದಲ್ಲಿ ರೆಕ್ಕೆಗಳಿಲ್ಲ. ಎಳೆತದ ಕೇಂದ್ರ ರಾಶಿಕೇಂದ್ರಕ್ಕಿಂತ ಮುಂದೆ ಬಂದು, ಸ್ವಲ್ಪ ಓರೆಯಾದರೂ ಗಾಳಿ ಅದನ್ನು ಇನ್ನಷ್ಟು ಓರೆಯಾಗಿಸುತ್ತಿತ್ತು. ಬುಡಕ್ಕೆ ರೆಕ್ಕೆ, ತುದಿಗೆ ಹೊದಿಕೆ ಹಾಕಿ, ಆರಂಭದಿಂದಲೇ ನಿಧಾನವಾಗಿ ಬಾಗಿಸುತ್ತ ಏರಿಸಿದಾಗ ಸರಿಹೋಯಿತು. ನಿಜವಾದ ರಾಕೆಟ್ಟುಗಳೂ ಏರುವುದು ಹೀಗೇ.

ಇಲ್ಲಿ ಒಂದು ತಪ್ಪೊಪ್ಪಿಗೆ. ಹಳೆಯ ಆವೃತ್ತಿಯ ಕಾಲದಲ್ಲಿ ವಿದ್ಯಾರ್ಥಿಯೊಬ್ಬ, “ಸಾರ್, ಶಂಕು ಇಲ್ಲದೆಯೇ ರಾಕೆಟ್ ಚೆನ್ನಾಗಿ ಹೋಗುತ್ತದಲ್ಲ?” ಎಂದು ಕೇಳಿದ್ದ. “ಆರಂಭದಲ್ಲಿ ಜವ ಕಡಿಮೆ, ಆದ್ದರಿಂದ ನೂಕುಬಲದ ಎದುರು ಎಳೆತ ಅಲ್ಪ” ಎಂದು ಉತ್ತರಿಸಿದ್ದೆ. ಕೇಳಲು ಸರಿಯಾಗಿತ್ತು, ಕಾರಣ ಮಾತ್ರ ಅದಲ್ಲ. ಒಂದೇ ಆಕಾರದ ಎರಡು ಟ್ಯಾಂಕುಗಳನ್ನು, ಒಂದು ತುಂಬಿದ್ದು, ಒಂದು ಖಾಲಿ, ಎತ್ತರದಿಂದ ಬೀಳಿಸಿ ನೋಡಿದ್ದರೆ ಐದು ನಿಮಿಷದಲ್ಲಿ ಸತ್ಯ ಗೊತ್ತಾಗುತ್ತಿತ್ತು. ಪ್ರಯೋಗ ಕೈಯಳತೆಯಲ್ಲೇ ಇತ್ತು, ನಾನು ಮಾಡಲಿಲ್ಲ. ಆ ಹುಡುಗ ಅಷ್ಟರಲ್ಲಿ ಪದವಿ ಮುಗಿಸಿ ಹೋಗಿದ್ದ.

ಇನ್ನೂ ಉಳಿದ ಅಂತರ

ತಿದ್ದುಪಡಿಯಾದ ಮಾತ್ರಕ್ಕೆ ಆಟ ನಿಜವಾಯಿತೆಂದಲ್ಲ. ಆಟದ ಗ್ರಹ ಕರ್ಬಿನ್‌ನ ತ್ರಿಜ್ಯ 600 ಕಿ.ಮೀ., ಮೇಲ್ಮೈ ಗುರುತ್ವ ಭೂಮಿಯಷ್ಟೇ. ಹಾಗಾದರೆ ಸರಾಸರಿ ಸಾಂದ್ರತೆ ಭೂಮಿಯ ಹತ್ತು ಪಟ್ಟಿಗೂ ಹೆಚ್ಚು. ಅತಿ ಸಾಂದ್ರ ಧಾತುಗಳಲ್ಲಿ ಒಂದಾದ ಆಸ್ಮಿಯಂನ ಸುಮಾರು ಎರಡೂವರೆ ಪಟ್ಟು! ಕೆಳ ಕಕ್ಷೆಗೆ ಬೇಕಾದ ಜವ ಸೆಕೆಂಡಿಗೆ ಸುಮಾರು 2.3 ಕಿ.ಮೀ.; ಭೂಮಿಯಲ್ಲಿ ಇದು 7.8 ಕಿ.ಮೀ. ಇನ್ನೊಂದು ಅಂತರವಿದೆ. ಆಟದಲ್ಲಿ ನೌಕೆಯ ಮೇಲೆ ಒಮ್ಮೆಗೆ ಒಂದೇ ಕಾಯದ ಗುರುತ್ವ ವರ್ತಿಸುತ್ತದೆ. ಆದ್ದರಿಂದ ಅಲ್ಲಿ ಲಗ್ರಾಂಜ್ ಬಿಂದುಗಳಿಲ್ಲ. 2024ರ ಜನವರಿಯಲ್ಲಿ ನಮ್ಮ ಆದಿತ್ಯ-ಎಲ್1 ಸೂರ್ಯ–ಭೂಮಿಗಳ ಮೊದಲ ಲಗ್ರಾಂಜ್ ಬಿಂದುವಿನ ಸುತ್ತಣ ಕಕ್ಷೆ ಸೇರಿತು; ಆಟದ ಮೂಲ ರೂಪದಲ್ಲಿ ಅಂಥ ಯಾನ ಸಾಧ್ಯವಿಲ್ಲ.

ಹಾಗೆಂದು ಈ ಆಟಗಳನ್ನು ತರಗತಿಯಿಂದ ದೂರವಿಡಬೇಕಿಲ್ಲ. ಕಕ್ಷೆಯೆಂದರೇನು ಎಂಬುದನ್ನು ಇವು ಮನಗಾಣಿಸುವಷ್ಟು ಚೆನ್ನಾಗಿ ಕರಿಹಲಗೆ ಮನಗಾಣಿಸದು. ಅಧ್ಯಾಪಕರು ಎರಡು ಕೆಲಸ ಮಾಡಿದರೆ ಸಾಕು. ಪ್ರಯೋಗದ ದಾಖಲೆಯಲ್ಲಿ ಉಪಕರಣದ ವಿವರ ಬರೆಸುವಂತೆ ಆಟದ ಆವೃತ್ತಿಯ ಸಂಖ್ಯೆಯನ್ನೂ ಬರೆಸುವುದು. ಆಟ ತೋರಿಸಿದ ಒಂದಾದರೂ ಅಂಕಿಯನ್ನು ವಿದ್ಯಾರ್ಥಿಗಳು ತಮ್ಮ ಕೈಯಾರೆ ಲೆಕ್ಕ ಹಾಕಿ ತಾಳೆ ನೋಡುವಂತೆ ಮಾಡುವುದು. ತಾಳೆಯಾಗದಿದ್ದರೆ ಪಾಠ ಅಲ್ಲಿಂದಲೇ ಆರಂಭಿಸಬಹುದು.