ಕಾರಿನ ಬಾಗಿಲಿಗೆ ಕರೆಂಟು ಬಂದ ಕತೆ

ಕಳೆದ ಬೇಸಿಗೆಯಲ್ಲಿ ಊರ ಜಾತ್ರೆಯ ದಿನ ನಡೆದದ್ದಿದು. ಮಾವ ತಮ್ಮ ಸೆಕೆಂಡ್‌ಹ್ಯಾಂಡ್ ಕಾರನ್ನು ಮನೆ ಮುಂದೆ ಬಿಸಿಲಲ್ಲಿ ನಿಲ್ಲಿಸಿದರು. ಅಕ್ಕನ ಮೂರು ವರ್ಷದ ಮಗ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ. ಸಾಮಾನು ಇಳಿಸಿ ಮಗುವನ್ನು ಎತ್ತಿಕೊಳ್ಳೋಣ ಎಂದು ಕೀ ಒಳಗೇ ಬಿಟ್ಟು ಬಾಗಿಲು ಹಾಕಿದರು. ಟಕ್! ನಾಲ್ಕೂ ಬಾಗಿಲು ತಾವಾಗಿಯೇ ಲಾಕ್ ಆದವು. ಮಗು ಬೆವರಿ ಎದ್ದು ಅಳತೊಡಗಿತು. ಪಕ್ಕದ ಮನೆಯ ಹಾರೆ ತಂದು, ಮಗುವಿನಿಂದ ದೂರ ಇದ್ದ ಮುಂದಿನ ಬಾಗಿಲಿನ ಗಾಜು ಒಡೆದೆವು. ಮಗು ಉಳಿಯಿತು. ಗಾಜು ಹೋಯಿತೆಂದು ಯಾರೂ ಅಳಲಿಲ್ಲ.

ಯಾರೂ ಮುಟ್ಟದೆ ಲಾಕ್ ಆದದ್ದು ಹೇಗೆ? ಇದನ್ನು ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲ ಕಾರುಗಳನ್ನು ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುತ್ತಿದ್ದರು. 1912ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿಗೆ ವಿದ್ಯುತ್ ಸೆಲ್ಫ್ ಸ್ಟಾರ್ಟರ್ ಬಂತು. ಕಾರಿನಲ್ಲಿ ಬ್ಯಾಟರಿ ಇದ್ದ ಮೇಲೆ ಬಾಗಿಲಿಗೂ ಅದನ್ನು ಬಳಸಬಾರದೇಕೆ? 1914ರಲ್ಲಿ ಡೆಟ್ರಾಯ್ಟಿನ ಸ್ಕ್ರಿಪ್ಸ್-ಬೂತ್ ಕಾರಿನಲ್ಲಿ ವಿದ್ಯುತ್ ಬೀಗ ಬಂತು. ಆದರೆ ಅದು ಹಬ್ಬಲಿಲ್ಲ. 1956ರಲ್ಲಿ ಪ್ಯಾಕಾರ್ಡ್ ಕಂಪನಿ ಮತ್ತೆ ತಂದ ಮೇಲೆ ಶ್ರೀಮಂತರ ಕಾರುಗಳಲ್ಲಿ ಒಂದೊಂದಾಗಿ ಕಾಣಿಸಿಕೊಂಡಿತು.

ಜರ್ಮನಿಯ ಮರ್ಸಿಡಿಸ್ ಬಹಳ ವರ್ಷ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಬಾಗಿಲುಗಳಿಗೆ ಸಣ್ಣ ಕೊಳವೆ ಎಳೆದು, ಗಾಳಿಯ ಒತ್ತಡದ ವ್ಯತ್ಯಾಸದಿಂದ ಲಾಕ್ ಮಾಡುತ್ತಿದ್ದರು. ಡ್ರಿಪ್ ಪೈಪ್ ಒಂದು ಕಡೆ ಸೋರಿದರೆ ಇಡೀ ಸಾಲಿಗೆ ನೀರು ಕಡಿಮೆಯಾಗುವಂತೆ, ಇಲ್ಲೂ ಒಂದು ಬಾಗಿಲಿನ ಸೋರಿಕೆ ಎಲ್ಲ ಬಾಗಿಲಿಗೂ ತೊಂದರೆ ಕೊಡುತ್ತಿತ್ತು.

1982ರಲ್ಲಿ ಫ್ರಾನ್ಸಿನ ರೆನೋ ಫ್ಯೂಗೊ ಕಾರಿಗೆ ರಿಮೋಟ್ ಬಂತು. ಮರುವರ್ಷ, 1983ರ ಡಿಸೆಂಬರಿನಲ್ಲಿ, ನಮ್ಮ ರಸ್ತೆಗಿಳಿದ ಮಾರುತಿ 800ರಲ್ಲಿ ಇದೇನೂ ಇರಲಿಲ್ಲ. ಕೈ ಚಾಚಿ ಒಂದೊಂದೇ ಬಾಗಿಲಿನ ನಾಬ್ ಒತ್ತಬೇಕಿತ್ತು. ಮುಂದೆ ಪಟ್ಟಣದ ಅಂಗಡಿಗಳಲ್ಲಿ ಸೆಂಟ್ರಲ್ ಲಾಕ್ ಕಿಟ್ ಸಿಗತೊಡಗಿತು. ಮಾವನ ಕಾರಿನಲ್ಲಿದ್ದದ್ದೂ ಅದೇ.

ಈ ಚರಿತ್ರೆಯಲ್ಲಿ ಒಂದು ಪಾಠವಿದೆ. ಮೊದಲು ಕೈಗೂ ಚಿಲಕಕ್ಕೂ ನಡುವೆ ಒಂದು ಕಂಬಿ ಮಾತ್ರ ಇತ್ತು. ಆಮೇಲೆ ಮೋಟಾರ್, ವೈರ್, ಸ್ವಿಚ್, ಫ್ಯೂಸ್, ಕೊನೆಗೆ ರಿಮೋಟ್ ಸೇರಿದವು. ಕೆಟ್ಟಾಗ ಕೊನೆಗೆ ಬಂದದ್ದರಿಂದ ಹಿಂದಕ್ಕೆ ನೋಡುತ್ತಾ ಹೋಗಿ. ಅದೇ ರಿಪೇರಿಯ ದಾರಿ.

ರಿಮೋಟಿಗೆ ಮಾತ್ರ ಬಾಗಿಲು ಬಗ್ಗದಿದ್ದರೆ ಅದರ ಸಣ್ಣ ಸೆಲ್ ಬದಲಿಸಿ. ನಾಲ್ಕೂ ಬಾಗಿಲು ಸತ್ತಿದ್ದರೆ ಫ್ಯೂಸ್, ಡ್ರೈವರ್ ಬಾಗಿಲಿನ ಸ್ವಿಚ್, ಕಂಟ್ರೋಲ್ ಬಾಕ್ಸ್ ನೋಡಿ. ಒಂದೇ ಬಾಗಿಲು ಕೆಟ್ಟಿದ್ದರೆ ಕಿವಿಗೊಟ್ಟು ಕೇಳಿ. ಮೋಟಾರ್ ಸದ್ದು ಮಾಡಿದರೂ ನಾಬ್ ಅಲ್ಲಾಡದಿದ್ದರೆ ಕಂಬಿ ಕಳಚಿರಬಹುದು, ಇಲ್ಲವೇ ಒಳಗಿನ ಹಲ್ಲು ಸವೆದಿರಬಹುದು. ಸದ್ದೇ ಇಲ್ಲವೆಂದರೆ ಮೋಟಾರಿನ ಕನೆಕ್ಟರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಬಟನ್ ಒತ್ತಿಸಿ. ದೀಪ ಒಮ್ಮೆ ಮಿನುಗಿದರೆ ಕರೆಂಟು ಬರುತ್ತಿದೆ, ಮೋಟಾರ್ ಹೋಗಿದೆ. ಮಿನುಗದಿದ್ದರೆ ವೈರ್ ಹುಡುಕಿ.

ಹೆಚ್ಚಾಗಿ ವೈರ್ ಕೆಡುವುದು ಬಾಗಿಲಿನ ಕೀಲಿನ ಹತ್ತಿರ, ರಬ್ಬರ್ ಕೊಳವೆಯೊಳಗೆ. ಬಾಗಿಲು ತೆರೆದಾಗಲೆಲ್ಲ ಅದು ಬಾಗುತ್ತದೆ. ಮೊಬೈಲ್ ಚಾರ್ಜರಿನ ವೈರ್ ಕುತ್ತಿಗೆಯಲ್ಲಿ ತುಂಡಾಗುವುದಿಲ್ಲವೇ, ಹಾಗೆಯೇ. ಬಾಗಿಲನ್ನು ಮೆಲ್ಲಗೆ ಆಡಿಸುತ್ತಾ ಬಟನ್ ಒತ್ತಿ ನೋಡಿ. ಒಂದು ಕಡೆ ಕೆಲಸ ಮಾಡಿ ಇನ್ನೊಂದು ಕಡೆ ನಿಂತರೆ ಕಳ್ಳ ಸಿಕ್ಕ ಹಾಗೆ.

ಮಾವನ ಕಾರಿನಲ್ಲೂ ಕಳ್ಳ ಅಲ್ಲೇ ಇದ್ದ. ಡ್ರೈವರ್ ಬಾಗಿಲಿನ ಮೋಟಾರಿಗೆ ಐದು ವೈರ್. ಎರಡು ಮೋಟಾರ್ ತಿರುಗಿಸಲು, ಉಳಿದವು ಉಳಿದ ಬಾಗಿಲುಗಳಿಗೆ ಸನ್ನೆ ಕೊಡಲು. ಆ ಸನ್ನೆಯ ವೈರಿನ ಸಿಪ್ಪೆ ಸವೆದು, ಬಾಗಿಲು ಹಾಕಿದಾಗ ತಗಡಿಗೆ ತಾಗಿತು. ಕಂಟ್ರೋಲ್ ಬಾಕ್ಸ್ ಅದನ್ನೇ 'ಲಾಕ್ ಮಾಡು' ಎಂದು ತಿಳಿಯಿತು. ಮೆಕ್ಯಾನಿಕ್ ಬ್ಯಾಟರಿಯ ನೆಗೆಟಿವ್ ಕಳಚಿ, ಕೆಟ್ಟ ತುಂಡು ಕತ್ತರಿಸಿ, ಹೊಸ ವೈರ್ ಬೆಸುಗೆ ಹಾಕಿ ಸ್ಲೀವ್ ತೊಡಿಸಿದ. ಹೊಸ ಮೋಟಾರ್ ಬೇಕಾಗಲೇ ಇಲ್ಲ.

ನಿಜ ಹೇಳಬೇಕೆಂದರೆ, ತಿಂಗಳ ಮೊದಲೇ ಆ ಬಾಗಿಲು ಎರಡು ಸಲ ಹೀಗೆ ಆಡಿತ್ತು. ನಾವೇ ನಕ್ಕು ಸುಮ್ಮನಾಗಿದ್ದೆವು. ನಿಮ್ಮ ಕಾರೂ ಹಾಗೆ ಆಡುತ್ತಿದ್ದರೆ ಇಂದೇ ತೋರಿಸಿ. ಇಳಿಯುವಾಗ ಕೀ ಜೇಬಿನಲ್ಲಿರಲಿ, ಮಗು ಮೊದಲು ಇಳಿಯಲಿ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿದ್ದರೆ ಒಳಗಿನ ಹಿಡಿ ಎಳೆದರೂ ಅದು ತೆರೆಯದು. ಆದ್ದರಿಂದ ಸ್ವಲ್ಪ ದೊಡ್ಡ ಮಕ್ಕಳಿಗೆ ಮುಂದಿನ ಸೀಟಿಗೆ ಬಂದು, ನಾಬ್ ಎತ್ತಿ, ಹಿಡಿ ಎಳೆಯುವುದನ್ನು ಕಲಿಸಿಡಿ. ಕರೆಂಟು ಹೋದರೂ ಆ ಹಳೆಯ ಕಂಬಿ ಕೆಲಸ ಮಾಡುತ್ತದೆ.