60,000ದ ತಕರಾರು: ಏಳು ಟ್ರ್ಯಾಕ್ ಟೇಪಿನ ವೇಗವನ್ನು ಬೈಟಿಗೆ ಇಳಿಸುವ ಲೆಕ್ಕದ ಕುರಿತು

ಹಳೆಯ ಕಾಂತೀಯ ಟೇಪುಗಳ ವೇಗವನ್ನು ಇಂದಿನ ಬೈಟಿಗೆ ಇಳಿಸಿ ತೋರಿಸುವ ಕೋಷ್ಟಕಗಳಲ್ಲಿ ಒಂದು ತಪ್ಪು ಗಟ್ಟಿಯಾಗಿ ಬೇರೂರಿದೆ. ಐಬಿಎಂ 729 ಮಾದರಿ 5ರ ಎದುರು ಸೆಕೆಂಡಿಗೆ 60 ಕಿಲೋಬೈಟ್ ಎಂದಿರುತ್ತದೆ. ಅದರ ಕೆಳಗೆ, 1964ರಲ್ಲಿ ಸಿಸ್ಟಂ/360ರ ಜೊತೆ ಪ್ರಕಟವಾದ 2400 ಸರಣಿಯ 2401 ಮಾದರಿ 2ರ ಎದುರಿಗೂ ಅದೇ 60. ಎರಡೂ ಸೆಕೆಂಡಿಗೆ 75 ಇಂಚು ಓಡುತ್ತಿದ್ದವು, ಎರಡರ ಸಾಂದ್ರತೆಯೂ ಇಂಚಿಗೆ 800. ಗುಣಾಕಾರ ಸರಿಯಾಗಿಯೇ ಇದೆ. ಸರಿಯಿಲ್ಲದಿರುವುದು ಏನನ್ನು ಎಣಿಸಿದ್ದಾರೆ ಎಂಬುದು.

729ರ ಟೇಪಿನಲ್ಲಿ ಏಳು ಟ್ರ್ಯಾಕ್: ಆರು ಬಿಟ್ ದತ್ತಾಂಶ, ಒಂದು ಪ್ಯಾರಿಟಿ. 2401ರಲ್ಲಿ ಒಂಬತ್ತು: ಎಂಟು ದತ್ತಾಂಶ, ಒಂದು ಪ್ಯಾರಿಟಿ. ಮೊದಲನೆಯದರ 60,000 ಅಕ್ಷರ ಎಂದರೆ 3,60,000 ಬಿಟ್. ಎರಡನೆಯದರ 60,000 ಬೈಟ್ ಎಂದರೆ 4,80,000. ಈ ವ್ಯತ್ಯಾಸವನ್ನು ಕಡೆಗಣಿಸುವವರನ್ನು ಅಕ್ಷರ ಪಕ್ಷದವರು ಎನ್ನೋಣ. 1956ರ ರಾಮಾಕ್ ಡಿಸ್ಕಿನ 50 ಲಕ್ಷ ಅಕ್ಷರಗಳನ್ನು ಸಲೀಸಾಗಿ 5 ಮೆಗಾಬೈಟ್ ಎಂದು ಬರೆಯುವವರೂ ಇವರೇ. ಇವರನ್ನು ತಿದ್ದಲು ಹೊರಟ ಬಿಟ್ ಪಕ್ಷದವರು ಎಲ್ಲವನ್ನೂ ಮುಕ್ಕಾಲರಿಂದ ಗುಣಿಸುತ್ತಾರೆ. ರಾಮಾಕ್ 3.75 ಮೆಗಾಬೈಟ್ ಆಗುತ್ತದೆ, 729 ಮಾದರಿ 5 ಸೆಕೆಂಡಿಗೆ 45 ಕಿಲೋಬೈಟಿಗೆ ಇಳಿಯುತ್ತದೆ. (60,000ವನ್ನು 1024ರಿಂದ ಭಾಗಿಸಿ 58.6 ಎಂದು ಬರೆಯುವ ಮೂರನೆಯ ಗುಂಪಿಗೆ ಇಲ್ಲಿ ಹೆಚ್ಚು ಜಾಗ ಕೊಡಲಾರೆ. ಟೇಪಿನ ವೇಗ ಹುಟ್ಟಿದ್ದು ಇಂಚು ಮತ್ತು ಸೆಕೆಂಡಿನಿಂದ. ಅಲ್ಲಿ ಕಿಲೋ ಎಂದರೆ ಸಾವಿರವೇ.)

ಬಿಟ್ ಪಕ್ಷದ ನೆರವಿಗೆ ಗಟ್ಟಿ ಸಾಕ್ಷಿಯೊಂದಿದೆ, ಅವರೇ ಅದನ್ನು ಬಳಸಿಕೊಳ್ಳುವುದಿಲ್ಲ. 2400 ಸರಣಿಗೆ ಏಳು ಟ್ರ್ಯಾಕಿನ ಹಳೆಯ ಟೇಪುಗಳನ್ನೂ ಓದಿ ಬರೆಯುವ ಸೌಲಭ್ಯವಿತ್ತು. ಅದರೊಡನೆ ದತ್ತಾಂಶ ಪರಿವರ್ತಕವೂ ಇತ್ತು. ಬರೆಯುವಾಗ ಅದು ಎಂಟು ಬಿಟ್‌ಗಳ ಮೂರು ಬೈಟುಗಳನ್ನು ಒಡೆದು ಆರು ಬಿಟ್‌ಗಳ ನಾಲ್ಕು ಟೇಪ್ ಅಕ್ಷರಗಳನ್ನಾಗಿ ಮಾಡುತ್ತಿತ್ತು. ಓದುವಾಗ ನಾಲ್ಕನ್ನು ಕೂಡಿಸಿ ಮೂರಾಗಿ ಒಪ್ಪಿಸುತ್ತಿತ್ತು. ಟೇಪಿನ ಮೇಲೆ 60,000 ಅಕ್ಷರ ಓಡಿದರೆ ಚಾನೆಲ್ಲಿಗೆ ಸಿಗುವುದು 45,000 ಬೈಟ್. ಮುಕ್ಕಾಲರ ಈ ಲೆಕ್ಕ ನಂತರದ ಕಾಲದವರು ಕಟ್ಟಿದ್ದಲ್ಲ, ಆ ಯಂತ್ರವನ್ನು ಕಟ್ಟಿದವರೇ ತಂತಿಯಲ್ಲಿ ಕೂರಿಸಿದ್ದು.

ವಾದ ಇಲ್ಲಿಗೇ ಮುಗಿಯುವುದಿಲ್ಲ. ಅದೇ ಸೌಲಭ್ಯದಲ್ಲಿ ಅನುವಾದಕ ಎಂಬ ಇನ್ನೊಂದು ದಾರಿಯೂ ಇತ್ತು. ಅದು ಟೇಪಿನ ಒಂದು ಬಿಸಿಡಿ ಅಕ್ಷರವನ್ನು ಒಂದು ಎಬ್ಸಿಡಿಕ್ ಬೈಟಾಗಿ ಮಾಡುತ್ತಿತ್ತು, ಒಂದಕ್ಕೆ ಒಂದು. ಗ್ರಾಹಕರ ಹೆಸರು, ವಿಳಾಸಗಳ ಕಡತವಾದರೆ 60,000 ಅಕ್ಷರಕ್ಕೆ 60,000 ಬೈಟೇ ಸರಿ. ಅಲ್ಲಿ ಅಕ್ಷರ ಪಕ್ಷವೇ ಗೆಲ್ಲುತ್ತದೆ. ಇಂಥ ಬಿಸಿಡಿ ಟೇಪನ್ನು ಬರೆಯುತ್ತಿದ್ದುದು ಸಮ ಪ್ಯಾರಿಟಿಯಲ್ಲಿ. ಆರೂ ಬಿಟ್ ಸೊನ್ನೆಯಾದರೆ ಪ್ಯಾರಿಟಿ ಬಿಟ್ಟೂ ಸೊನ್ನೆ, ಅಂದರೆ ಏಳು ಟ್ರ್ಯಾಕಿನಲ್ಲಿ ಎಲ್ಲಿಯೂ ಗುರುತು ಬೀಳುವುದಿಲ್ಲ, ಅಲ್ಲೊಂದು ಅಕ್ಷರವಿದೆಯೆಂದು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಆದ್ದರಿಂದ 64 ಜೋಡಣೆಗಳಲ್ಲಿ ಒಂದು ಬಳಕೆಗೆ ಬಾರದು. 0 ಎಂಬ ಅಂಕಿಯನ್ನು 8 ಮತ್ತು 2ರ ಬಿಟ್‌ಗಳನ್ನು ಕೂಡಿಸಿ ಬರೆಯುತ್ತಿದ್ದರು. ಆರು ಬಿಟ್ ಎಂದು ಬಿಟ್ ಪಕ್ಷ ಎಣಿಸುವಲ್ಲಿ ಪೂರ್ತಿ ಆರು ಬಿಟ್ಟಿನ ಬೆಲೆಯೂ ಇರಲಿಲ್ಲ.

ಇನ್ನು ಬರೀ ಅಂಕಿಗಳ ಕಡತ. ಹಳೆಯ ಟೇಪಿನಲ್ಲಿ ಒಂದು ಅಂಕಿಗೆ ಒಂದು ಅಕ್ಷರ. 360ರಲ್ಲಿ ಒಂದು ಬೈಟಿಗೆ ಎರಡು ಅಂಕಿ ತುಂಬಬಹುದಿತ್ತು, ಪ್ರತಿ ಸಂಖ್ಯೆಗೂ ಚಿಹ್ನೆಗೆಂದು ಅರ್ಧ ಬೈಟ್ ಬಿಟ್ಟು. ಈ ಕಡತದಲ್ಲಿ ಹೊಸ ಯಂತ್ರ ಹಳೆಯದರ ಸುಮಾರು ಎರಡು ಪಟ್ಟು ವೇಗದ್ದು. ಎರಡು ಪಕ್ಷಗಳ ಕೋಷ್ಟಕದಲ್ಲೂ ಇದಕ್ಕೆ ಜಾಗವಿಲ್ಲ. ಪದವನ್ನು ಅಳತೆಯಾಗಿ ಹಿಡಿದರೆ ಉತ್ತರ ಮತ್ತೆ ಬದಲಾಗುತ್ತದೆ. 36 ಬಿಟ್ಟಿನ ಪದಕ್ಕೆ ಆರು ಟೇಪ್ ಅಕ್ಷರ ಬೇಕು, ಆದ್ದರಿಂದ ಸೆಕೆಂಡಿಗೆ 10,000 ಪದ. 32 ಬಿಟ್ಟಿನ ಪದಕ್ಕೆ ನಾಲ್ಕು ಬೈಟ್ ಸಾಕು, ಹಾಗಾಗಿ 15,000. ಕಾನ್ಪುರದ ಐಐಟಿಯ 7044 ಮೊದಲ ಬಗೆಯ ಯಂತ್ರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 360/44 ಎರಡನೆಯ ಬಗೆಯದು. ನಮ್ಮ ಗಣಕ ಚರಿತ್ರೆ ಬರೆಯುವವರಿಗೂ ಈ ತೊಡಕು ತಪ್ಪಿದ್ದಲ್ಲ.

ಇಷ್ಟಾದರೂ 60,000 ಎಂಬುದು ಟೇಪು ನಿಲ್ಲದೆ ಓಡಿದಾಗಿನ ಮಾತು. ಏಳು ಟ್ರ್ಯಾಕಿನಲ್ಲಿ ಎರಡು ದಾಖಲೆಗಳ ನಡುವೆ ಮುಕ್ಕಾಲು ಇಂಚು ಖಾಲಿ ಬಿಡಬೇಕಿತ್ತು. 80 ಕಾಲಮ್ಮಿನ ಒಂದು ಕಾರ್ಡನ್ನು ಒಂದು ದಾಖಲೆಯಾಗಿ ಬರೆದರೆ ಅದು ಹಿಡಿಯುವುದು ಇಂಚಿನ ಹತ್ತನೇ ಒಂದು ಭಾಗ. ದಾಖಲೆ ದಾಟಲು 1.33 ಮಿಲಿಸೆಕೆಂಡ್, ಖಾಲಿ ಜಾಗ ದಾಟಲು 10. ನಡುವೆ ನಿಲ್ಲದೆ ಓಡಿದರೂ ಸೆಕೆಂಡಿಗೆ ಸಿಗುವುದು ಸುಮಾರು 7,059 ಅಕ್ಷರ. ಹತ್ತು ಕಾರ್ಡುಗಳನ್ನು ಒಂದೇ ಕಂತೆಯಾಗಿ ಬರೆದರೆ 34,286. ಒಂಬತ್ತು ಟ್ರ್ಯಾಕಿನ ಖಾಲಿ ಜಾಗ 0.6 ಇಂಚು, ಒಂಟಿ ಕಾರ್ಡಿನ ಲೆಕ್ಕ ಅಲ್ಲಿ 8,571. ಒಂದಕ್ಕೋ ಮುಕ್ಕಾಲಕ್ಕೋ ಎಂದು ಜಗಳವಾಡುವ ಎರಡು ಪಕ್ಷಗಳೂ, ವೇಗವನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಈ ಖಾಲಿ ಜಾಗವನ್ನು ಗಣನೆಗೇ ತೆಗೆದುಕೊಂಡಿಲ್ಲ. ಇದು ನನಗೆ ಅಕ್ಷಮ್ಯವೆನಿಸುತ್ತದೆ.

ಪರಿವರ್ತಕವೋ ಅನುವಾದಕವೋ ಎಂಬುದನ್ನು ಊಹಿಸಬೇಕಾಗಿಲ್ಲ. 360ರ ಕೆಲಸದ ಕಾರ್ಡುಗಳಲ್ಲಿ ಟಿಆರ್‌ಟಿಸಿಎಚ್ ಎಂಬ ಸೂಚನೆ ಇರುತ್ತಿತ್ತು. ಅದರ ಮುಂದೆ ಸಿ ಇದ್ದರೆ ಪರಿವರ್ತಕ, ಟಿ ಇದ್ದರೆ ಅನುವಾದಕ, ಇ ಇದ್ದರೆ ಸಮ ಪ್ಯಾರಿಟಿ, ಇಟಿ ಇದ್ದರೆ ಕೊನೆಯ ಎರಡೂ. ಏನೂ ಬರೆಯದಿದ್ದರೆ ಬೆಸ ಪ್ಯಾರಿಟಿ, ಮತ್ತು ಬರೆಯುವಾಗ ಪ್ರತಿ ಬೈಟಿನ ಮೇಲಿನ ಎರಡು ಬಿಟ್ ಟೇಪಿಗೆ ಹೋಗುವುದೇ ಇಲ್ಲ. ಹಳೆಯ ಟೇಪಿನ ವೇಗವನ್ನು ಬೈಟಿನಲ್ಲಿ ಹೇಳಬಯಸುವವರು ಮೊದಲು ಆ ಕಾರ್ಡನ್ನೂ ದಾಖಲೆಯ ಉದ್ದವನ್ನೂ ಹುಡುಕಬೇಕು. ಅವು ಸಿಗದಿದ್ದರೆ ಸೆಕೆಂಡಿಗೆ 60,000 ಅಕ್ಷರ ಎಂದಷ್ಟೇ ಬರೆದು, ಬೈಟಿನ ಕಾಲಮ್ಮನ್ನು ಖಾಲಿ ಬಿಡಬೇಕು.