ಜೆನಿತ್ ಗಡಿಯಾರ ಕಾರ್ಖಾನೆಯ ಚರಿತ್ರೆ: ಕುಶಲವಿದ್ಯೆಯ ಉಳಿವನ್ನು ಕುರಿತು ಒಂದು ವಿಚಾರ

ಕೈಗಾರಿಕೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬಂಡವಾಳ, ಮಾರುಕಟ್ಟೆ, ಉತ್ಪನ್ನದ ಪ್ರಮಾಣ, ಒಡೆತನದ ಬದಲಾವಣೆ ಇವುಗಳನ್ನೇ ಆಧಾರವಾಗಿಟ್ಟುಕೊಳ್ಳುವುದುಂಟು. ಇವೆಲ್ಲ ಲೆಕ್ಕದ ಪುಸ್ತಕಗಳಲ್ಲಿಯೂ ಕರಾರುಪತ್ರಗಳಲ್ಲಿಯೂ ದೊರೆಯುವ ಸಂಗತಿಗಳು. ಆದರೆ ಒಂದು ವಸ್ತುವನ್ನು ನಿರ್ಮಿಸುವ ವಿದ್ಯೆಯು ಎಲ್ಲಿ ನೆಲೆಸಿರುತ್ತದೆ, ಅದು ಹೇಗೆ ನಷ್ಟವಾಗುತ್ತದೆ, ನಷ್ಟವಾಗುವ ಹಂತದಲ್ಲಿಯೂ ಹೇಗೆ ಉಳಿದುಕೊಳ್ಳುತ್ತದೆ ಎಂಬ ಪ್ರಶ್ನೆಗಳಿಗೆ ಈ ಬಗೆಯ ಪತ್ರಗಳಲ್ಲಿ ಉತ್ತರ ಸಿಕ್ಕುವುದು ಅಪರೂಪ. ಸ್ವಿಟ್ಜರ್ಲೆಂಡಿನ ಜೆನಿತ್ ಗಡಿಯಾರ ಕಾರ್ಖಾನೆಯ ಚರಿತ್ರೆಯು ಈ ಪ್ರಶ್ನೆಗಳನ್ನು ವಿಶದವಾಗಿ ಪರಿಶೀಲಿಸಲು ಅವಕಾಶ ಕೊಡುವುದರಿಂದ, ಪ್ರಕೃತ ಲೇಖನದಲ್ಲಿ ನಾವು ಅದನ್ನು ಆರಿಸಿಕೊಂಡಿದ್ದೇವೆ.

ಸ್ವಿಟ್ಜರ್ಲೆಂಡಿನ ವಾಯವ್ಯ ಭಾಗದಲ್ಲಿ, ಫ್ರಾನ್ಸಿನ ಗಡಿಗೆ ಹೊಂದಿಕೊಂಡಂತೆ ಜೂರಾ ಪರ್ವತಶ್ರೇಣಿಯಿದೆ. ಅಲ್ಲಿಯ ನ್ಯೂಷಾಟೆಲ್ ಪ್ರಾಂತದಲ್ಲಿ ಲೆ ಲೋಕ್ಲ್ ಮತ್ತು ಲಾ ಶೋ-ದ-ಫೋಂ ಎಂಬ ಎರಡು ನೆರೆಯ ಊರುಗಳುಂಟು. ಬೇಸಾಯಕ್ಕೆ ಅಷ್ಟಾಗಿ ಒದಗದ ನೆಲ. ತಿಂಗಳುಗಟ್ಟಲೆ ಹಿಮ ಬೀಳುವ ಚಳಿಗಾಲ. ಇಂಥ ಸೀಮೆಯಲ್ಲಿ ಗಡಿಯಾರದ ಕೆಲಸವು 17ನೆಯ ಶತಮಾನದ ಕೊನೆಯಿಂದ ಬೇರೂರಿತು. ಲೆ ಲೋಕ್ಲಿನಲ್ಲಿ ನೆಲೆಸಿದ್ದು 1741ರಲ್ಲಿ ತೀರಿಕೊಂಡ ದಾನಿಯೇಲ್ ಜಾನ್‌ರಿಷಾರ್ ಎಂಬುವನನ್ನು ಅಲ್ಲಿಯ ಜನರು ಈ ಕಸುಬಿನ ಮೂಲಪುರುಷನೆಂದು ಭಾವಿಸುತ್ತಾರೆ. ಕಾಲಕ್ರಮದಲ್ಲಿ ಈ ಕಸುಬು ಮನೆಮನೆಯ ಕೆಲಸವಾಗಿ ಹಂಚಿಹೋಯಿತು. ಒಂದು ಮನೆಯಲ್ಲಿ ಹಲ್ಲುಚಕ್ರಗಳನ್ನು ಕೊರೆದರೆ, ಇನ್ನೊಂದರಲ್ಲಿ ಮುಳ್ಳುಗಳನ್ನು ಮಾಡುತ್ತಿದ್ದರು. ಮತ್ತೊಂದರಲ್ಲಿ ಮುಖಫಲಕಕ್ಕೆ ಬಣ್ಣ ಹಾಕುತ್ತಿದ್ದರು. ವರ್ತಕನೊಬ್ಬನು ಈ ಬಿಡಿಭಾಗಗಳನ್ನೆಲ್ಲ ಸಂಗ್ರಹಿಸಿ ಜೋಡಿಸಿ ಮಾರುತ್ತಿದ್ದನು. ಕಾರ್ಲ್ ಮಾರ್ಕ್ಸನು ತನ್ನ 'ಬಂಡವಾಳ' ಎಂಬ ಗ್ರಂಥದಲ್ಲಿ ಶ್ರಮವಿಭಜನೆಯನ್ನು ವಿವರಿಸುವಾಗ ಗಡಿಯಾರದ ಕಸುಬನ್ನೇ ಉದಾಹರಣೆಯಾಗಿ ತೆಗೆದುಕೊಂಡಿರುವುದು ಇಲ್ಲಿ ಸ್ಮರಣೀಯ.

ಈ ಪದ್ಧತಿಯಲ್ಲಿ ವಿದ್ಯೆಯು ಅನೇಕ ಮನೆಗಳಲ್ಲಿ ಚದುರಿಕೊಂಡಿತ್ತು. ಯಾವನೊಬ್ಬನಿಗೂ ಪೂರ್ತಿ ಗಡಿಯಾರವನ್ನು ಮಾಡುವ ಸಾಮರ್ಥ್ಯವಿರಲಿಲ್ಲ. ಆದರೆ ಯಾವನೊಬ್ಬನು ಕೆಲಸ ಬಿಟ್ಟರೂ ಆ ಸೀಮೆಯ ವಿದ್ಯೆ ಅಳಿಯುತ್ತಿರಲಿಲ್ಲ. ಹೀಗೆ ಮಾಡುವುದರಲ್ಲಿ ಒಂದು ದೋಷವೂ ಇದ್ದಿತು. ಬೇರೆ ಬೇರೆ ಕೈಗಳಲ್ಲಿ ಆದ ಭಾಗಗಳು ಒಂದಕ್ಕೊಂದು ಸರಿಯಾಗಿ ಕೂಡುತ್ತಿರಲಿಲ್ಲ. ಜೋಡಿಸುವವನು ಪ್ರತಿಯೊಂದನ್ನೂ ಅರದಿಂದ ಉಜ್ಜಿ ಹೊಂದಿಸಬೇಕಾಗುತ್ತಿತ್ತು. 1865ರಲ್ಲಿ ಜಾರ್ಜ್ ಫಾವ್ರ್-ಜಾಕೋ ಎಂಬ ತರುಣನು ಲೆ ಲೋಕ್ಲಿನಲ್ಲಿ ತನ್ನ ಕಾರ್ಯಾಗಾರವನ್ನು ತೆರೆದನು. ಆಗ ಅವನಿಗೆ 22 ವರ್ಷ. ಚದುರಿದ್ದ ಕಸುಬುಗಳನ್ನು ಒಂದೇ ಸೂರಿನ ಕೆಳಗೆ ತಂದು, ಯಂತ್ರಗಳ ನೆರವಿನಿಂದ ಒಂದೇ ಅಳತೆಯ ಭಾಗಗಳನ್ನು ತಯಾರಿಸಬೇಕೆಂಬುದು ಅವನ ಸಂಕಲ್ಪವಾಗಿತ್ತು. ಇದಾದ 11 ವರ್ಷಗಳ ಮೇಲೆ, 1876ರ ಫಿಲಡೆಲ್ಫಿಯ ಪ್ರದರ್ಶನದಲ್ಲಿ ಅಮೆರಿಕದ ಯಂತ್ರನಿರ್ಮಿತ ಗಡಿಯಾರಗಳನ್ನು ನೋಡಿ ಸ್ವಿಸ್ ಪ್ರತಿನಿಧಿಗಳು ದಿಗಿಲುಗೊಂಡು ತಮ್ಮ ದೇಶಕ್ಕೆ ಎಚ್ಚರಿಕೆಯ ವರದಿಗಳನ್ನು ಬರೆದರು. ಇದನ್ನು ನೆನೆದರೆ ಫಾವ್ರ್-ಜಾಕೋವಿನ ದೂರದೃಷ್ಟಿಯು ಮನದಟ್ಟಾಗುತ್ತದೆ.

ಅವನ ಕಾರ್ಖಾನೆಯ ಒಂದು ಉತ್ತಮ ಯಂತ್ರಕ್ಕೆ ಜೆನಿತ್ ಎಂಬ ಹೆಸರನ್ನಿಡಲಾಯಿತು. ನೆತ್ತಿಯ ಮೇಲಣ ಆಕಾಶಬಿಂದುವಿಗೆ, ನಮ್ಮ ಜ್ಯೋತಿಷಗ್ರಂಥಗಳು ಖಸ್ವಸ್ತಿಕವೆಂದು ಕರೆಯುವ ಬಿಂದುವಿಗೆ, ಇದು ಪಾಶ್ಚಾತ್ಯರ ಹೆಸರು. 1911ರಲ್ಲಿ ಇದೇ ಸಂಸ್ಥೆಯ ಹೆಸರೂ ಆಯಿತು. ಮುಂದೆ ಲೆ ಕೋರ್ಬ್ಯೂಸಿಯೆ ಎಂದು ಪ್ರಸಿದ್ಧನಾದ ವಾಸ್ತುಶಿಲ್ಪಿಯು ತನ್ನ ತಾರುಣ್ಯದಲ್ಲಿ, 1912ರಲ್ಲಿ, ಫಾವ್ರ್-ಜಾಕೋವಿಗಾಗಿ ಲೆ ಲೋಕ್ಲಿನಲ್ಲಿ ಒಂದು ಮನೆಯನ್ನು ರಚಿಸಿದನು. ಆ ಸೀಮೆಯ ಊರುಗಳೂ ಗಡಿಯಾರದ ಕೆಲಸಕ್ಕೆ ತಕ್ಕಂತೆ ರೂಪುಗೊಂಡವು. ಕೆಲಸದ ಮೇಜುಗಳಿಗೆ ಬೆಳಕು ಬೀಳುವಂತೆ ನೇರ ಸಾಲುಗಳಲ್ಲಿ ಕಟ್ಟಿದ ಮನೆಗಳಿಂದ ಕೂಡಿದ ಈ ಎರಡು ಊರುಗಳನ್ನು ಯುನೆಸ್ಕೋ 2009ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

20ನೆಯ ಶತಮಾನದ ನಡುಗಾಲದವರೆಗೆ ಗಡಿಯಾರದ ಶ್ರೇಷ್ಠತೆಯನ್ನು ನಿರ್ಣಯಿಸುತ್ತಿದ್ದ ಒರೆಗಲ್ಲು ಸಮಯದ ನಿಖರತೆಯೇ. 1858ರಲ್ಲಿ ಸ್ಥಾಪಿತವಾದ ನ್ಯೂಷಾಟೆಲ್ ಖಗೋಳ ವೀಕ್ಷಣಾಲಯವು ಇದಕ್ಕಾಗಿ ಸ್ಪರ್ಧೆಗಳನ್ನು ನಡೆಸುತ್ತಿತ್ತು. ಜೆನಿತ್ ಸಂಸ್ಥೆಯ 135 ಎಂಬ ಯಂತ್ರವು 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಅಲ್ಲಿ ಪ್ರಥಮ ಸ್ಥಾನ ಪಡೆಯಿತು. ಈ ಕಾಲದ ಗಡಿಯಾರ ತಯಾರಕರ ಮುಂದಿದ್ದ ಒಂದು ಕಠಿಣ ಸಮಸ್ಯೆಯೆಂದರೆ, ಕೀಲಿ ಕೊಡಬೇಕಾಗಿಲ್ಲದ, ಆದರೆ ಓಟದ ಪಂದ್ಯ ಮುಂತಾದವುಗಳ ಅವಧಿಯನ್ನು ಅಳೆಯಬಲ್ಲ ಕೈಗಡಿಯಾರದ ನಿರ್ಮಾಣ. ಬೇಕೆಂದಾಗ ಆರಂಭಿಸಿ ನಿಲ್ಲಿಸಬಹುದಾದ ಮುಳ್ಳುಳ್ಳ ಗಡಿಯಾರಕ್ಕೆ ಕ್ರೋನೋಗ್ರಾಫ್ ಎಂದು ಹೆಸರು. ಕೈಯ ಚಲನೆಯಿಂದಲೇ ಸ್ಪ್ರಿಂಗು ಸುತ್ತಿಕೊಳ್ಳುವ ಏರ್ಪಾಟನ್ನೂ ಕ್ರೋನೋಗ್ರಾಫಿನ ಜಟಿಲವಾದ ಸನ್ನೆಗಳನ್ನೂ ಒಂದೇ ಚಿಕ್ಕ ಕೋಶದಲ್ಲಿ ಅಡಕಮಾಡುವುದು ಸುಲಭವಾಗಿರಲಿಲ್ಲ.

ಜೆನಿತ್ ಸಂಸ್ಥೆಯು 1962ರಲ್ಲಿ ಆರಂಭಿಸಿದ ಈ ಕೆಲಸವು ಏಳು ವರ್ಷಗಳ ಬಳಿಕ ಕೈಗೂಡಿತು. 1969ರ ಜನವರಿ 10ರಂದು ಎಲ್ ಪ್ರಿಮೆರೋ, ಅಂದರೆ ಸ್ಪ್ಯಾನಿಷ್ ಭಾಷೆಯಲ್ಲಿ 'ಮೊದಲನೆಯದು', ಎಂಬ ಯಂತ್ರವನ್ನು ಪ್ರಕಟಪಡಿಸಲಾಯಿತು. ಅದೇ ವರ್ಷ ಬೇರೆ ಸ್ವಿಸ್ ಸಂಸ್ಥೆಗಳ ಒಂದು ಕೂಟವೂ ಜಪಾನಿನ ಸೈಕೋ ಸಂಸ್ಥೆಯೂ ಇಂಥವೇ ಯಂತ್ರಗಳನ್ನು ಹೊರತಂದುದರಿಂದ ಯಾರು ಮೊದಲಿಗರೆಂಬ ವಿವಾದವು ಇನ್ನೂ ಉಳಿದಿದೆ. ಆದರೆ ಒಂದು ವಿಶೇಷದಲ್ಲಿ ಎಲ್ ಪ್ರಿಮೆರೋವಿಗೆ ಸಾಟಿಯಿರಲಿಲ್ಲ. ಗಡಿಯಾರದೊಳಗೆ ಅತ್ತಿತ್ತ ತೂಗಾಡುತ್ತ ಕಾಲವನ್ನು ಅಳೆಯುವ ಚಕ್ರವೊಂದಿರುತ್ತದೆ. ಹಳೆಯ ಗಡಿಯಾರಗಳಲ್ಲಿ ಅದು ಸಾಮಾನ್ಯವಾಗಿ ಗಂಟೆಗೆ 18,000 ಬಾರಿ ತೂಗುತ್ತಿತ್ತು. ಎಲ್ ಪ್ರಿಮೆರೋವಿನಲ್ಲಿ 36,000 ಬಾರಿ, ಎಂದರೆ ಸೆಕೆಂಡಿಗೆ ಹತ್ತು ಬಾರಿ. ಆದ್ದರಿಂದ ಸೆಕೆಂಡಿನ ಹತ್ತರಲ್ಲೊಂದು ಭಾಗವನ್ನು ಅದರಿಂದ ಅಳೆಯುವುದು ಸಾಧ್ಯವಾಯಿತು. ಇಷ್ಟು ವೇಗದಲ್ಲಿ ಸಾಧಾರಣ ಎಣ್ಣೆಯು ಚಕ್ರದ ಹಲ್ಲುಗಳಿಂದ ಸಿಡಿದುಹೋಗುವ ಕಾರಣ ಒಣ ಲೇಪನವೊಂದನ್ನು ಬಳಸಬೇಕಾಯಿತು.

ಈ ಸಿದ್ಧಿಯ ವರ್ಷವೇ ಸಂಕಟದ ವರ್ಷವೂ ಆದುದು ಚರಿತ್ರೆಯ ವಿಪರ್ಯಾಸ. 1969ರ ಡಿಸೆಂಬರ್ 25ರಂದು ಸೈಕೋ ಸಂಸ್ಥೆಯು ಟೋಕಿಯೋದಲ್ಲಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ವಿದ್ಯುತ್ತಿನಿಂದ ಕಂಪಿಸುವ ಸ್ಫಟಿಕದ ಹರಳು ತೂಗುವ ಚಕ್ರಕ್ಕಿಂತ ಎಷ್ಟೋ ಪಾಲು ನಿಖರವಾದದ್ದು. 1967ರಲ್ಲಿಯೇ ನ್ಯೂಷಾಟೆಲ್ಲಿನ ಪ್ರಯೋಗಾಲಯವೊಂದು ಇಂಥ ಕೈಗಡಿಯಾರದ ಮಾದರಿಯನ್ನು ಮಾಡಿತ್ತಾದರೂ ಅದನ್ನು ಮೊದಲು ಪೇಟೆಗೆ ತಂದವರು ಜಪಾನಿನವರು. ಕ್ವಾರ್ಟ್ಜ್ ಗಡಿಯಾರದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಇತ್ತ 1973ರಿಂದ ಸ್ವಿಸ್ ಫ್ರಾಂಕಿನ ಮೌಲ್ಯ ಏರುತ್ತ ಹೋಗಿ, ರಫ್ತಾಗುವ ಸ್ವಿಸ್ ಗಡಿಯಾರಗಳು ಇನ್ನಷ್ಟು ದುಬಾರಿಯಾದವು. 1970ರಲ್ಲಿ ಸುಮಾರು 90,000 ಜನರಿಗೆ ಕೆಲಸ ಕೊಟ್ಟಿದ್ದ ಸ್ವಿಸ್ ಗಡಿಯಾರದ ಉದ್ಯಮದಲ್ಲಿ 1980ರ ದಶಕದ ನಡುವೆ ಉಳಿದವರು 30,000ಕ್ಕೆ ತುಸು ಮೇಲ್ಪಟ್ಟು ಮಾತ್ರ.

ಇಷ್ಟರಲ್ಲಿ, 1971ರಲ್ಲಿ, ಜೆನಿತ್ ಕಾರ್ಖಾನೆಯು ಷಿಕಾಗೋ ನಗರದ ಜೆನಿತ್ ರೇಡಿಯೋ ಕಾರ್ಪೊರೇಷನ್ನಿನ ಒಡೆತನಕ್ಕೆ ಸೇರಿತ್ತು. ಹೆಸರು ಒಂದೇ ಆದರೂ ಇವೆರಡಕ್ಕೆ ಪೂರ್ವದಲ್ಲಿ ಯಾವ ಸಂಬಂಧವೂ ಇರಲಿಲ್ಲ. ರೇಡಿಯೋ, ಟೆಲಿವಿಷನ್ನುಗಳನ್ನು ಮಾಡುತ್ತಿದ್ದ ಹೊಸ ಒಡೆಯರಿಗೆ ಕ್ವಾರ್ಟ್ಜ್ ಗಡಿಯಾರವೇ ಮುಂದಿನ ದಾರಿಯೆಂದು ತೋರಿದ್ದು ಸಹಜ. 1975ರಲ್ಲಿ ಅವರು ಯಾಂತ್ರಿಕ ಗಡಿಯಾರಗಳ ತಯಾರಿಕೆಯನ್ನು ನಿಲ್ಲಿಸಬೇಕೆಂದೂ ಅದರ ಯಂತ್ರ ಸಲಕರಣೆಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಮಾರಬೇಕೆಂದೂ ನಿರ್ಧರಿಸಿದರು.

ಇಲ್ಲಿ ಶಾರ್ಲ್ ವೆರ್ಮೋ ಎಂಬ ಕೆಲಸಗಾರರ ಹೆಸರು ಬರುತ್ತದೆ. ಕ್ರೋನೋಗ್ರಾಫುಗಳ ನಿರ್ಮಾಣದಲ್ಲಿ ಬಹುಕಾಲದ ಅನುಭವವುಳ್ಳ ಅವರು ಈ ನಿರ್ಧಾರವನ್ನು ಬದಲಾಯಿಸಬೇಕೆಂದು ಮೇಲಿನವರಿಗೆ ಬರೆದುಕೊಂಡರು, ಫಲವಾಗಲಿಲ್ಲ. ಆಗ ಅವರು ಎಲ್ ಪ್ರಿಮೆರೋವಿಗೆ ಬೇಕಾದ ಅಚ್ಚುಗಳು, ಕೊರೆಯುವ ಸಾಧನಗಳು, ಯಂತ್ರಗಳ ಚಲನೆಯನ್ನು ನಿಯಂತ್ರಿಸುವ ಕ್ಯಾಮ್‌ಗಳು, ಸುಮಾರು 150 ಪ್ರೆಸ್ಸುಗಳು ಇವೆಲ್ಲವನ್ನೂ ಯಾರಿಗೂ ತಿಳಿಯದಂತೆ ಕಾರ್ಖಾನೆಯ ಅಟ್ಟವೊಂದಕ್ಕೆ ಸಾಗಿಸಿ ಬಚ್ಚಿಟ್ಟರು. ಇಷ್ಟೇ ಆಗಿದ್ದರೆ ಅದು ಕಬ್ಬಿಣದ ರಾಶಿಯಾಗಿ ಉಳಿಯುತ್ತಿತ್ತು. ಯಾವ ಸಾಧನ ಯಾವ ಭಾಗಕ್ಕೆ, ಯಾವ ಕೆಲಸದ ಮೇಲೆ ಯಾವ ಕೆಲಸ ಎಂಬುದನ್ನು ಅವರು ಗುರುತು ಹಾಕಿ ಬರೆದಿಟ್ಟರು ಎಂಬುದೇ ಮುಖ್ಯ ಸಂಗತಿ.

1978ರಲ್ಲಿ ಅಮೆರಿಕದವರು ಕಾರ್ಖಾನೆಯನ್ನು ಮಾರಿದರು. ಕೊಂಡವರಲ್ಲಿ ಮುಂದಾಳಾಗಿದ್ದ ಪಾಲ್ ಕಾಸ್ತೆಲ್ಲಾ ಅವರು ಲೆ ಲೋಕ್ಲಿನಲ್ಲಿಯೇ ಡಿಕ್ಸಿ ಎಂಬ ಯಂತ್ರೋಪಕರಣಗಳ ಸಂಸ್ಥೆಯನ್ನು ನಡೆಸುತ್ತಿದ್ದವರು. ಸಲಕರಣೆಯ ಬೆಲೆಯನ್ನು ಬಲ್ಲವರು. 1980ರ ದಶಕದ ಮೊದಲಲ್ಲಿ ಎಬೆಲ್ ಎಂಬ ಸಂಸ್ಥೆಯು ಉಳಿದಿದ್ದ ಎಲ್ ಪ್ರಿಮೆರೋ ಯಂತ್ರಗಳನ್ನು ಕೊಂಡು ಬಳಸತೊಡಗಿದ ಮೇಲೆ ಇವುಗಳಿಗೆ ಗಿರಾಕಿಗಳಿದ್ದಾರೆಂಬುದು ಸ್ಪಷ್ಟವಾಯಿತು. 1984ರಲ್ಲಿ ಅಟ್ಟದ ಸಾಮಗ್ರಿಗಳು ಕೆಳಗಿಳಿದು ತಯಾರಿಕೆಯು ಮತ್ತೆ ಆರಂಭವಾಯಿತು. 1988ರಲ್ಲಿ ರೋಲೆಕ್ಸ್ ಸಂಸ್ಥೆಯು ತನ್ನ ಡೇಟೋನಾ ಗಡಿಯಾರಕ್ಕೆ ಇದೇ ಯಂತ್ರವನ್ನು ಆರಿಸಿ, ಅದರ ವೇಗವನ್ನು 28,800ಕ್ಕೆ ತಗ್ಗಿಸಿ, ಇನ್ನೂ ಅನೇಕ ಮಾರ್ಪಾಡುಗಳೊಡನೆ 2000ದವರೆಗೆ ಬಳಸಿತು. 1999ರಲ್ಲಿ ಜೆನಿತ್ ಸಂಸ್ಥೆಯು ಎಲ್.ವಿ.ಎಂ.ಎಚ್. ಎಂಬ ಫ್ರೆಂಚ್ ವಿಲಾಸವಸ್ತುಗಳ ಸಮೂಹಕ್ಕೆ ಸೇರಿತು.

ಈ ವೃತ್ತಾಂತವನ್ನು ಓದುವಾಗ ಚರಿತ್ರೆಯ ವಿದ್ಯಾರ್ಥಿಗೆ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ವೆರ್ಮೋ ಅವರ ಸಾಹಸವನ್ನು ಇಂದು ಸಂಸ್ಥೆಯೇ ತನ್ನ ಪ್ರಚಾರದಲ್ಲಿ ಬಳಸಿಕೊಳ್ಳುತ್ತಿದೆ. ಆ ಅಟ್ಟವು ಸಂದರ್ಶಕರಿಗೆ ತೋರಿಸುವ ಸ್ಥಳವಾಗಿದೆ. ಒಬ್ಬನೇ ವೀರನು ಎಲ್ಲವನ್ನೂ ಉಳಿಸಿದನೆಂಬ ಕಥೆ ಮಾರಾಟಕ್ಕೆ ಅನುಕೂಲವಾದರೂ ಅದು ಪೂರ್ಣ ಕಾರಣವಲ್ಲ. ಕೊಳ್ಳುವ ಒಡೆಯನೂ ಬೇಡುವ ಗಿರಾಕಿಯೂ ಒದಗಿಬಾರದೆ ಹೋಗಿದ್ದರೆ ಆ ಸಾಧನಗಳು ಅಟ್ಟದಲ್ಲಿಯೇ ತುಕ್ಕು ಹಿಡಿಯುತ್ತಿದ್ದವು. ಎರಡನೆಯದಾಗಿ, ಉಳಿದು ಬಂದ ಗಡಿಯಾರವು ರೂಪದಲ್ಲಿ ಹಿಂದಿನದೇ ಆದರೂ ಅರ್ಥದಲ್ಲಿ ಬೇರೆ. ಫಾವ್ರ್-ಜಾಕೋವಿನ ಕಾಲದಲ್ಲಿ ಅದು ಸಮಯವನ್ನು ತಿಳಿಯುವ ಉತ್ತಮ ಸಾಧನ. ಅಗ್ಗದ ಕ್ವಾರ್ಟ್ಜ್ ಗಡಿಯಾರವು ಅದಕ್ಕಿಂತ ನಿಖರವಾದ ಮೇಲೆ ಅದು ಶ್ರೀಮಂತರ ವಿಲಾಸವಸ್ತುವಾಗಿ, ಕೈಗೆಲಸದ ಗೌರವದ ಕುರುಹಾಗಿ ಬದುಕಬೇಕಾಯಿತು.

ಮುಗಿದ ವಸ್ತುವಿಗೂ ಅದನ್ನು ಮಾಡುವ ಸಾಧನಕ್ಕೂ ಲೋಕವು ಕಟ್ಟುವ ಬೆಲೆಯಲ್ಲಿ ಎಷ್ಟು ಅಂತರವಿದೆಯೆಂಬುದನ್ನು ಇನ್ನೊಂದು ಸಂಗತಿ ತೋರಿಸುತ್ತದೆ. ಮಹಾತ್ಮ ಗಾಂಧಿಯವರ ಬಳಿಯಿದ್ದ ಜೇಬುಗಡಿಯಾರವು ಜೆನಿತ್ ಕಾರ್ಖಾನೆಯದು. ಅದು ಇಂದಿರಾ ಅವರು ಕೊಟ್ಟ ಕಾಣಿಕೆ. 1947ರಲ್ಲಿ ಕಳುವಾಗಿ ಕೆಲವು ತಿಂಗಳ ಅನಂತರ ಅದು ಅವರ ಕೈಗೆ ಮರಳಿತು. 2009ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅವರ ಕನ್ನಡಕ, ಪಾದರಕ್ಷೆ, ತಟ್ಟೆ, ಬಟ್ಟಲುಗಳ ಜೊತೆಗೆ ಅದನ್ನು ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರು 18 ಲಕ್ಷ ಡಾಲರುಗಳಿಗೆ ಕೊಂಡರು. ಮಹಾಪುರುಷನ ಸ್ಪರ್ಶದಿಂದ ವಸ್ತುವಿಗೆ ಬಂದ ಬೆಲೆಯಿದು. ಅದೇ ಕಾರ್ಖಾನೆಯ ಅಚ್ಚುಗಳಿಗೆ ಲೆಕ್ಕಿಗರು ಕಟ್ಟಿದ್ದು ಕಬ್ಬಿಣದ ತೂಕದ ಬೆಲೆ.

ಈ ವಿಚಾರವು ನಮಗೆ ದೂರದ್ದಲ್ಲ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಮುಂದೆ ತುಮಕೂರಿನಲ್ಲಿಯೂ ಅದರ ಕಾರ್ಖಾನೆಯಾಯಿತು. 2016ರಲ್ಲಿ ಕೇಂದ್ರ ಸರ್ಕಾರವು ಈ ಗಡಿಯಾರ ವಿಭಾಗವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಆ ಗಡಿಯಾರಗಳನ್ನು ಇಂದು ಸಂಗ್ರಾಹಕರು ಆಸೆಯಿಂದ ಹುಡುಕುತ್ತಾರೆ. ಆದರೆ ಅಲ್ಲಿ ದುಡಿದವರ ಕೈಯ ವಿದ್ಯೆಯನ್ನು, ಅವರು ಬಳಸಿದ ಸಾಧನಗಳ ವಿವರವನ್ನು, ಕೆಲಸದ ಕ್ರಮವನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕಾರ್ಯವು ಚರಿತ್ರೆಯ ವಿಭಾಗಗಳ ಹೊಣೆಯೆಂದು ನಾವು ಭಾವಿಸುತ್ತೇವೆ. ಶಾಸನ, ತಾಮ್ರಪಟಗಳನ್ನು ಅರಸಿ ಊರೂರು ಅಲೆದ ವಿದ್ವಾಂಸರ ಪರಂಪರೆ ನಮ್ಮಲ್ಲಿದೆ. ಕಾರ್ಖಾನೆಯ ಅಚ್ಚು, ಕೆಲಸಗಾರನ ಟಿಪ್ಪಣಿ ಪುಸ್ತಕಗಳೂ ಅಂಥ ಆಧಾರಗಳೇ.

ಒಟ್ಟಿನಲ್ಲಿ ಜೆನಿತ್ ಕಾರ್ಖಾನೆಯ ಚರಿತ್ರೆಯಿಂದ ತಿಳಿದುಬರುವುದಿಷ್ಟು: ಕುಶಲವಿದ್ಯೆಯು ಸಾಧನದಲ್ಲಿ, ಬರೆಹದಲ್ಲಿ, ನುರಿತ ಕೈಯಲ್ಲಿ ಹೀಗೆ ಮೂರು ಕಡೆ ನೆಲೆಸಿರುತ್ತದೆ. ಈ ಮೂರರಲ್ಲಿ ಒಂದು ಹೋದರೂ ಉಳಿದೆರಡು ಬಲಗುಂದುತ್ತವೆ. ಲೆ ಲೋಕ್ಲಿನಲ್ಲಿ ಒಂಬತ್ತು ವರ್ಷ ತಯಾರಿಕೆ ನಿಂತಿದ್ದರೂ ಈ ಮೂರೂ ಒಂದೇ ಊರಿನಲ್ಲಿ ಉಳಿದಿದ್ದವು. ಆದ್ದರಿಂದಲೇ ಅಲ್ಲಿಯ ಗಡಿಯಾರಕ್ಕೆ ಮತ್ತೆ ಚಲನೆ ಬಂದಿತು.